ಸ್ವಾಮಿಯ ತುಂಬಿದ ಬಾಟಲಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ ತಿ. ನರಸೀಪುರದ ಸೇತುವೆ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೀನು ಕರಿಯುವ ಹೆಂಗಸು ಹಳೆಯ ಪಂಪ್ ಸ್ಟವ್ ಒಂದರ ಜೊತೆ ಹೆಣಗುತ್ತಿದ್ದಳು. ಅದು ಭುಸ್ ಎಂದು ಹಳದಿ ಉರಿ ಕಾರಿ ಆರಿಹೋಯಿತು. ಸೀಮೆಎಣ್ಣೆಯ ಹಸಿ ವಾಸನೆ ಹೊಗೆಯ ಜೊತೆ ಮುಖಕ್ಕೆ ಬಡಿಯಿತು. ಈಗೀಗ ಊರಲ್ಲಿ ಈ ವಾಸನೆ ಸಿಗುವುದೇ ಅಪರೂಪ. ಸಿಕ್ಕಾಗ ಬೇರೆಯವರಿಗೆ ರೇಷನ್ ಅಂಗಡಿಯೋ ಅಡುಗೆಮನೆಯೋ ನೆನಪಾಗುತ್ತದೇನೋ. ನನಗೆ ಮಂಜಿನ ಮೇಲೆ ಕಾಲು ಚಾಚಿ ಕೂತ ಮಹದೇವಸ್ವಾಮಿ ನೆನಪಾಗುತ್ತಾನೆ.

ತೊಂಬತ್ತರ ದಶಕದ ಕೊನೆಯ ಮಾತು. ಹಿಮಾಚಲದ ಮೇಲಿನ ಕಣಿವೆಯೊಂದರಲ್ಲಿ ಜಲವಿದ್ಯುತ್ ಯೋಜನೆಯ ಕಚೇರಿ; ಅಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ನಮ್ಮೂರು ಕಬಿನಿ ಕಾವೇರಿ ಕೂಡುವ ಜಾಗದಿಂದ ಸ್ವಲ್ಪ ಆಚೆ, ನಾಲೆಯ ಕೊನೆಯಲ್ಲಿದೆ. ಅಪ್ಪ ಅವ್ವ ಗದ್ದೆ ಕೂಲಿಗೆ, ಕಬ್ಬು ಕಡಿಯುವ ಕೂಲಿಗೆ ಹೋಗಿ ನನ್ನನ್ನು ಡಿಪ್ಲೊಮಾ ಓದಿಸಿದವರು. ಗದ್ದೆಯ ಬದು ಬಿಟ್ಟರೆ ನಮ್ಮೂರಲ್ಲಿ ಎತ್ತರ ಅನ್ನುವ ವಸ್ತುವೇ ಇಲ್ಲ. ಕೆಲಸಕ್ಕೆ ಸೇರುವ ತನಕ ನಾನು ಹತ್ತಿದ ದೊಡ್ಡ ಬೆಟ್ಟ ಅಂದರೆ ಮುಡುಕುತೊರೆ. ಅದರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದೆ ಅಂತ ಜಂಬವೂ ಇತ್ತು. ಈ ಜಂಬ ಹಿಮಾಚಲದಲ್ಲಿ ನನ್ನ ಬಾಡಿಗೆ ರೂಮಿನ ಏಣಿಮೆಟ್ಟಿಲ ಮೇಲೆ ಮುಗಿಯಿತು. ಬಕೆಟ್ಟಿನಲ್ಲಿ ನೀರು ಹಿಡಿದು ಮೇಲೆ ಹೋಗುವಷ್ಟರಲ್ಲಿ ಎದೆ ತಿದಿ ಒತ್ತಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ಕೆಳಗಿನ ಮನೆಯ ಮುದುಕಿ ಬೆನ್ನ ಮೇಲೆ ಸೌದೆ ಹೊತ್ತು ನನ್ನನ್ನು ದಾಟಿ ಹೋಗುತ್ತಾ ನಗುತ್ತಿದ್ದಳು.

ಅಲ್ಲಿಯ ಪೇಟೆಯಲ್ಲಿ ಒಂದು ದಿನ ಆಲೂಗಡ್ಡೆ ಆರಿಸುತ್ತಿದ್ದೆ. ಹಿಂದಿನಿಂದ ಯಾರೋ ಅಂಗಡಿಯವನಿಗೆ ಹಿಂದಿಯಲ್ಲಿ ಚೌಕಾಸಿ ಮಾಡಿ ಸಾಕಾಗಿ, "ಅಯ್ಯೋ ಬುಡ್ಲಾ ಅತ್ಲಾಗೆ, ನಿನ್ ಗಂಟೇನ್ ಓದದು" ಅಂದರು. ತಿರುಗಿ ನೋಡಿದೆ. ತೆಳ್ಳಗಿನ ಮನುಷ್ಯ, ಹಣೆಯ ಮೇಲೆ ವಿಭೂತಿ, ಅದರ ಮೇಲೆ ಮಂಕಿ ಕ್ಯಾಪು. "ಯಾವೂರಾಯ್ತು ಸಾ?" ಅಂದೆ. ಅವನು ಚೀಲ ಕೆಳಗಿಟ್ಟು ನನ್ನ ಎರಡೂ ಭುಜ ಹಿಡಿದುಕೊಂಡ. ನಂಜನಗೂಡು ತಾಲೂಕು, ಕವಲಂದೆ. ನಮ್ಮದೇ ಯೋಜನೆಯ ಲೆಕ್ಕಪತ್ರ ವಿಭಾಗಕ್ಕೆ ಹಿಂದಿನ ವಾರ ಬಂದು ಸೇರಿದ್ದ ಮಹದೇವಸ್ವಾಮಿ.

ಅವತ್ತಿನಿಂದ ಸಂಜೆಗಳು ಒಟ್ಟಿಗೇ ಕಳೆದವು. ಅವನ ತಾಯಿ ಊರಿಂದ ರಾಗಿ ಹಿಟ್ಟು ಕಳಿಸುತ್ತಿದ್ದರು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಕಾವು ಸಾಲದು. ಮುದ್ದೆ ಎಷ್ಟು ತಿರುವಿದರೂ ಒಳಗೆ ಹಸಿ. ಕೊನೆಗೆ ಸ್ವಾಮಿ ಅದನ್ನು ಕುಕ್ಕರಿನಲ್ಲಿ ಇಟ್ಟು ಕೂಗಿಸಿದ. "ನಮ್ಮವ್ವ ನೋಡುದ್ರೆ ಎದೆ ಒಡ್ಕೊಂಡ್ ಬುಟ್ಟಾಳು" ಅನ್ನುತ್ತಾ ನನಗೆ ಬಡಿಸುತ್ತಿದ್ದ. ಅವನ ರೂಮಿನಲ್ಲಿ ನಾನು ಉಣ್ಣುತ್ತಿದ್ದೆ. ನನ್ನ ರೂಮಿಗೆ ಬಂದರೆ ಅವನು ಬಾಳೆಹಣ್ಣು ತಿನ್ನುತ್ತಿದ್ದ. ನಾನು ಕಾಸಿದ ಟೀಯನ್ನೂ, ನಾನು ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲ. ಈಗ ತಾನೆ ಕುಡಿದೆ ಅನ್ನುತ್ತಿದ್ದ. ಅವನದು ಲಿಂಗ ಕಟ್ಟಿದ ಮನೆ. ನಮ್ಮದು ಊರಾಚೆಯ ಕೇರಿ. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ ಮೇಲೆ ದೇವರ ಹೆಸರು ಬದಲಾಯಿತು, ಊರಿನವರ ಲೆಕ್ಕ ಬದಲಾಗಲಿಲ್ಲ. ಸ್ವಾಮಿಯೂ ನಾನೂ ಈ ಬಗ್ಗೆ ಒಂದು ಮಾತೂ ಆಡಿದವರಲ್ಲ. ನಮ್ಮ ಕಡೆ ಇಂಥದ್ದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ನನಗೆ ಬೇಜಾರಾಗುತ್ತಿತ್ತು, ಆದರೂ ಮಾರನೆ ಸಂಜೆ ಅವನ ರೂಮಿಗೇ ಹೋಗುತ್ತಿದ್ದೆ. ಕನ್ನಡ ಮಾತಾಡುವ ಇನ್ನೊಬ್ಬ ಪ್ರಾಣಿ ಆ ಕಣಿವೆಯಲ್ಲಿ ಇರಲಿಲ್ಲ.

ಚಳಿಗಾಲ ಕಳೆಯಿತು. ಕಚೇರಿಯ ಕಬ್ಬಿಣದ ಒಲೆಗೆ ಬೆನ್ನು ಕಾಯಿಸಿಕೊಂಡು ನಾನು ಸುರಂಗದ ನಕ್ಷೆ ಬರೆಯುತ್ತಿದ್ದೆ. ಇಂಡಿಯನ್ ಇಂಕು ಪೆನ್ನಿನಲ್ಲೇ ಹೆಪ್ಪುಗಟ್ಟುತ್ತಿತ್ತು. ತಲೆ ಎತ್ತಿದರೆ ಕಿಟಕಿಯಲ್ಲಿ ಒಂದು ಶಿಖರ. ಹೆಸರು ಹೇಳಿದರೂ ನಮ್ಮ ಕಡೆ ಯಾರಿಗೂ ಗೊತ್ತಿರುವಂಥದ್ದಲ್ಲ. ಹಿಮಾಲಯದ ಲೆಕ್ಕದಲ್ಲಿ ಅದು ಸಣ್ಣದೇ. ಬೆಳಿಗ್ಗೆ ಊರೆಲ್ಲ ಇನ್ನೂ ಕತ್ತಲಲ್ಲಿರುವಾಗ ಅದರ ತುದಿಗೊಂದಕ್ಕೇ ಬಿಸಿಲು ಬೀಳುತ್ತಿತ್ತು. ಇಡೀ ಚಳಿಗಾಲ ಅದನ್ನು ನೋಡಿ ನೋಡಿ ನನಗೊಂದು ಆಸೆ ಹುಟ್ಟಿತು. ನನಗಿಂತ ಮೇಲೆ ಯಾರೂ ಇಲ್ಲದ ಜಾಗದಲ್ಲಿ ಒಂದು ಸಲ ನಿಂತುಕೊಳ್ಳಬೇಕು. ಫೋಟೋ ಬೇಕಿರಲಿಲ್ಲ, ಸರ್ಟಿಫಿಕೇಟೂ ಬೇಕಿರಲಿಲ್ಲ. ಒಂದೈದು ನಿಮಿಷ ನಿಂತರೆ ಸಾಕು ಅನ್ನಿಸುತ್ತಿತ್ತು. ಇಷ್ಟು ಗಟ್ಟಿಯಾಗಿ ನಾನು ಇನ್ನೇನನ್ನೂ ಬಯಸಿರಲಿಲ್ಲ, ಸರ್ಕಾರಿ ನೌಕರಿಯನ್ನೂ.

ಯೋಜನೆಯ ಮನರಂಜನಾ ಕ್ಲಬ್ಬು ಪ್ರತಿ ಬೇಸಿಗೆಗೆ ನಾಲ್ಕು ಜನ ಸಿಬ್ಬಂದಿಯನ್ನು ಆ ಶಿಖರಕ್ಕೆ ಕಳಿಸುತ್ತಿತ್ತು. ಒಬ್ಬರಿಗೆ ಒಂದೇ ಅವಕಾಶ, ಮಾರನೆ ವರ್ಷ ಹೊಸಬರು. ನಾನು ಹೆಸರು ಕೊಟ್ಟೆ. ಸ್ವಾಮಿಯೂ ಕೊಟ್ಟ. "ನೀನ್ಯಾಕ್ಲಾ?" ಅಂದೆ. "ನೀನೊಬ್ನೇ ಓಗಿ ಅಲ್ಲಿ ಯಾರ್ ತಾವ ಮಾತಾಡೀಯೆ?" ಅಂದ. ಇನ್ನಿಬ್ಬರು ಪಂಜಾಬಿನ ಹುಡುಗರು, ಎತ್ತುಗಳಂತೆ ಗಟ್ಟಿಮುಟ್ಟು. ಎರಡು ತಿಂಗಳು ಬೆಳಿಗ್ಗೆ ಬೆನ್ನಿಗೆ ಕಲ್ಲು ತುಂಬಿದ ಚೀಲ ಹೊತ್ತು ಹಿಂದಿನ ಗುಡ್ಡ ಹತ್ತಿ ಇಳಿದೆವು. ಸ್ವಾಮಿಯ ತಾಯಿ ಗೌರಮ್ಮ ಪಕ್ಕದ ಮನೆಯ ಫೋನಿಗೆ ಬಂದು ಒಂದೇ ಮಾತು ಹೇಳಿದರಂತೆ: "ಎಲ್ಲಿಗಾರಾ ಓಗು, ಪೂಜೆ ತಪ್ಪಿಸ್ಬೇಡ." ಆ ಮನೆಯಲ್ಲಿ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ಒಂದು ಹನಿ ನೀರೂ ಬೀಳಬಾರದು. ಜ್ವರ ಬಂದಾಗಲೂ ಸ್ವಾಮಿ ಈ ನಿಯಮ ಬಿಟ್ಟವನಲ್ಲ. ಅದು ನನಗೆ ಗೊತ್ತಿತ್ತು. ಬೆಟ್ಟಕ್ಕೂ ಅದಕ್ಕೂ ಏನು ಸಂಬಂಧ ಅಂತ ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ಜೂನ್ ತಿಂಗಳು. ಕೆಳಗೆ ನದಿ ಕರಗಿದ ಮಂಜಿನಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆ ಮುಂಗಾರು ಹಿಡಿದು ಭತ್ತದ ಸಸಿಮಡಿ ಬಿಡುವ ಹೊತ್ತು; ಇಲ್ಲಿ ಹಗಲೆಲ್ಲ ಕಣ್ಣು ಕುಕ್ಕುವ ಬಿಸಿಲು, ಸಂಜೆಗೆ ಗಾಳಿ. ನಮ್ಮನ್ನು ಕರೆದೊಯ್ದವರು ಪರ್ವತಾರೋಹಣ ಕಲಿಸುವ ಇಬ್ಬರು ಶಿಕ್ಷಕರು. ಹಿರಿಯ ದೋರ್ಜೆ ಆ ಕಣಿವೆಯವನೇ. ನನ್ನದು ಬುದ್ಧನ ಪಟ ಇರುವ ಮನೆ ಅಂತ ತಿಳಿದು ಖುಷಿಯಾಗಿ, ಏನಾದರೂ ಮಂತ್ರ ಹೇಳು ಅಂದ. ನನಗೆ ಬರುತ್ತಿದ್ದದ್ದು ಬುದ್ಧಂ ಶರಣಂ ಒಂದೇ. ಅದನ್ನೇ ನಮ್ಮೂರ ಭಜನೆಯ ರಾಗದಲ್ಲಿ ಹೇಳಿದೆ. ಅವನು ತಲೆದೂಗಿ, ಬೆಟ್ಟ ಹತ್ತಲು ಅದಕ್ಕಿಂತ ದೊಡ್ಡ ಮಂತ್ರ ಒಂದಿದೆ ಅಂದ: ಬಾಯಾರುವ ಮೊದಲೇ ನೀರು ಕುಡಿ, ಬೇಡವಾದರೂ ಕುಡಿ. ದಿನವೂ ಅದನ್ನೇ ಹೇಳುತ್ತಿದ್ದ.

ತಪ್ಪಲಿನ ಬಿಡಾರದಲ್ಲಿ ತೊಂದರೆ ಇರಲಿಲ್ಲ. ಅಡುಗೆಯವನು ಬೆಳಿಗ್ಗೆ ಬಿಸಿನೀರು ಕೊಡುತ್ತಿದ್ದ, ಸ್ವಾಮಿ ಟೆಂಟಿನ ಹಿಂದೆ ಮೈ ತೊಳೆದು ಪೂಜೆ ಮುಗಿಸುತ್ತಿದ್ದ. ಮೇಲಿನ ಬಿಡಾರಗಳಿಗೆ ಹೊರಟ ಮೇಲೆ ಹಾಗಾಗಲಿಲ್ಲ. ಬಿಸಿಲೇರಿದರೆ ಮಂಜು ಮೆತ್ತಗಾಗುತ್ತದೆ, ಆದ್ದರಿಂದ ಬೆಳಕು ಹರಿಯುವ ಮೊದಲೇ ಹೊರಡಬೇಕು. ಮಂಜು ಕರಗಿಸಿ ಮಾಡಿದ ನೀರು ಕುಡಿಯುವುದಕ್ಕೇ ಸಾಲದು. ಸ್ವಾಮಿ ಯಾರಿಗೂ ಹೇಳದೆ ತನ್ನದೇ ಒಂದು ಏರ್ಪಾಡು ಮಾಡಿಕೊಂಡ. ದಿನವೆಲ್ಲ ಹತ್ತುವುದು, ಸಂಜೆ ಬಿಡಾರ ಮುಟ್ಟಿದ ಮೇಲೆ ಕೈಕಾಲು ಮುಖ ತೊಳೆದು ಪೂಜೆ, ಆಮೇಲೆ ಊಟ, ನೀರು. ಇದು ನಮಗೆ ತಿಳಿದದ್ದು ಆಮೇಲೆ.

ನಾವು ಕಂಡದ್ದು ಅವನ ಬಾಟಲಿ ಯಾವಾಗಲೂ ತುಂಬಿರುತ್ತಿದ್ದದ್ದನ್ನು. ಪಂಜಾಬಿ ಹುಡುಗರು ಅವನನ್ನು ಒಂಟೆ ಅಂತ ಕರೆದು ನಗುತ್ತಿದ್ದರು. ನನ್ನ ನೀರು ಅರ್ಧ ದಾರಿಗೇ ಮುಗಿದಾಗ ಅವನು ತನ್ನ ಬಾಟಲಿ ಚಾಚಿದ. "ತಗೊಳ್ಲಾ, ನಂದು ಅಂಗೇ ಅದೆ." ದಪ್ಪ ಕೈಗವಸಿನಲ್ಲಿ ಎತ್ತಿ ಕುಡಿಯಲು ಹೋಗಿ ಕತ್ತಿನೊಳಗೆ ಸುರಿದುಕೊಂಡೆ. "ಕಚ್ಕೊಂಡೇ ಕುಡಿಯೋ, ಚೆಲ್ಬೇಡ" ಅಂದ. ಬಾಟಲಿಗೆ ತುಟಿ ಹಚ್ಚಿ ಕುಡಿದೆ. ಅವನು ನೋಡುತ್ತಿದ್ದ, ಮುಖದಲ್ಲಿ ಏನೂ ಬದಲಾಗಲಿಲ್ಲ. ನನ್ನ ರೂಮಿನಲ್ಲಿ ನೀರು ಮುಟ್ಟದ ಮನುಷ್ಯ ಇವನೇನಾ ಅನ್ನಿಸಿತು. ಆ ಖುಷಿಗೆ ಇನ್ನೊಂದು ಫರ್ಲಾಂಗು ಸುಲಭವಾಗಿ ಹತ್ತಿದೆ. ಮಾರನೆ ದಿನವೂ ಹಾಗೇ ಆಯಿತು.

ತುದಿಗೆ ಹೊರಟ ದಿನ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಬಿಸಿಲು ಬರುವ ಹೊತ್ತಿಗೆ ಕೊನೆಯ ಇಳಿಜಾರಿನ ಬುಡದಲ್ಲಿದ್ದೆವು. ಮುಂದೆ ಬಿಳಿ ಏರು, ಅದರ ಮೇಲೆ ತುದಿ. ಇನ್ನು ಎರಡೇ ಗಂಟೆ ಅಂದ ದೋರ್ಜೆ. ದೋರ್ಜೆ, ನಾನು, ಸ್ವಾಮಿ ಮೂವರೂ ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ ಹಿಂದಿನಿಂದ ಜಗ್ಗಿತು. ನೋಡಿದರೆ ಸ್ವಾಮಿ ಕಾಲು ಚಾಚಿ ಕೂತುಬಿಟ್ಟಿದ್ದ. ಕೈಗವಸು ಕಿತ್ತು ಪಕ್ಕಕ್ಕಿಟ್ಟು ಹಗ್ಗದ ಗಂಟು ಬಿಚ್ಚುತ್ತಿದ್ದ. ದೋರ್ಜೆ ಓಡಿಬಂದು ಅವನ ಕೈ ಹಿಡಿದು ಹಿಂದಿಯಲ್ಲಿ ಹೆಸರು ಕೇಳಿದ, ಊರು ಕೇಳಿದ. ಸ್ವಾಮಿ ನಕ್ಕ.

"ಎತ್ತು ಬಿಚ್ಚು ಕಣ್ಲಾ, ಕೆರೆಗೆ ವಡ್ಕೊಂಡೋಗ್ಬೇಕು. ಬಿಸ್ಲು ಏರ್ತಾ ಅದೆ" ಅಂದ.

ಏನಂತಾನೆ ಅಂತ ದೋರ್ಜೆ ನನ್ನನ್ನು ಕೇಳಿದ. ಹೇಳಿದೆ. ಅವನ ಮುಖ ಗಟ್ಟಿಯಾಯಿತು. ಗಾಳಿ ಕಡಿಮೆಯಾಗಿ ತಲೆಗೆ ಏರಿದೆ, ಈಗಲೇ ಕೆಳಗಿಳಿಸದಿದ್ದರೆ ಉಳಿಯುವುದಿಲ್ಲ ಅಂದ. ತಾನು ಇವನನ್ನು ಇಳಿಸುತ್ತೇನೆ, ನೀನು ಉಳಿದವರ ಜೊತೆ ಮೇಲೆ ಹೋಗು ಅಂದ. ನಾನು ತಲೆಯಾಡಿಸಿ ಹಗ್ಗ ಬದಲಿಸಿಕೊಂಡು ಪಂಜಾಬಿ ಹುಡುಗರ ಹಿಂದೆ ನಿಂತೆ. ದೋರ್ಜೆ ಸ್ವಾಮಿಯ ರಟ್ಟೆ ಹಿಡಿದು ಎಬ್ಬಿಸಿದ. ಸ್ವಾಮಿ ಅವನನ್ನು ನೂಕಿದ. ಇಬ್ಬರೂ ಇಳಿಜಾರಿನಲ್ಲಿ ಜಾರಿ, ದೋರ್ಜೆಯ ಮಂಜುಗೊಡಲಿ ನಾಟಿ ನಿಂತರು. ಮತ್ತೆ ಎಬ್ಬಿಸಿದ, ಮತ್ತೆ ನೂಕಿದ. ಹಿಂದಿಯ ಒಂದು ಶಬ್ದವೂ ಅವನ ಕಿವಿಗೆ ಇಳಿಯುತ್ತಿರಲಿಲ್ಲ. ಹೀಗೇ ಆದರೆ ಇಬ್ಬರೂ ಉರುಳುತ್ತಾರೆ ಅನ್ನುವುದು ಯಾರಿಗಾದರೂ ಕಾಣುತ್ತಿತ್ತು.

ಆಗ ನನಗೆ ಬಂದದ್ದು ಸಿಟ್ಟು. ಇವನನ್ನು ಯಾರು ಬಾ ಅಂದರು? ಹಗ್ಗ ಬಿಚ್ಚಿಕೊಂಡೆ. ಕಿರಿಯ ಶಿಕ್ಷಕ ಇಬ್ಬರು ಹುಡುಗರನ್ನು ಕರೆದುಕೊಂಡು ಹೊರಟ. ನಾನು ಕೆಳಗೆ ಇಳಿದು ಸ್ವಾಮಿಯ ಮುಂದೆ ನಿಂತು ಗದರಿದೆ. "ಏಳ್ಲಾ ಮೇಲ್ಕೆ! ಎತ್ತು ಕೆರೆ ಕಡೀಕೆ ಓದೋ, ನೀನಿಲ್ಲಿ ಕುಂತಿದ್ದೀಯ." ಅವನು ಥಟ್ಟನೆ ಎದ್ದ. "ಎತ್ಲಾಗ್ ಓದೋ?" ಅಂದ. "ಕೆಳೀಕೆ ಕಣ್ಲಾ, ನಡಿ" ಅಂದೆ. ದೋರ್ಜೆ ಮೇಲಿನಿಂದ ಹಗ್ಗ ಹಿಡಿದ, ನಾನು ಮುಂದೆ ನಡೆದೆ. ಕವಲಂದೆಯ ಎತ್ತು ಅಟ್ಟಿಕೊಂಡು ನಾವು ಆ ಇಳಿಜಾರು ಇಳಿದೆವು. ಅವನ ಕಾಲು ತಪ್ಪಿದಾಗಲೆಲ್ಲ "ಓ ಅಲ್ನೋಡು, ಬದಿನ ಮೇಲೆ ಓಯ್ತಾವೆ" ಅನ್ನುತ್ತಿದ್ದೆ. ಹಿಂದಕ್ಕೆ ತಿರುಗಿ ತುದಿಯನ್ನು ನೋಡಲಿಲ್ಲ.

ಸ್ವಲ್ಪ ಸಮತಟ್ಟು ಸಿಕ್ಕಿದ ಕಡೆ ಕೂರಿಸಿದೆವು. ದೋರ್ಜೆ ಅವನ ಚೀಲದಿಂದ ಬಾಟಲಿ ತೆಗೆದ. ಅದು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಕಡಿಮೆಯಾದದ್ದು ಅವತ್ತು ದಾರಿಯಲ್ಲಿ ನಾನು ಕುಡಿದದ್ದು. ಬಾಯಿಗೆ ಹಿಡಿದರೆ ಸ್ವಾಮಿ ಹಲ್ಲು ಕಚ್ಚಿಕೊಂಡ. ತುಟಿ ಒಡೆದು ರಕ್ತ ಒಣಗಿತ್ತು, ನಾಲಿಗೆ ಊದಿತ್ತು, ಆದರೂ ಮುಖ ತಿರುಗಿಸಿದ. ನಾನು ಹಿಡಿದೆ. ಕೈಯಿಂದ ತಳ್ಳಿದ. ನಾನು ತುಟಿ ಹಚ್ಚಿದ್ದಕ್ಕೇ ಬೇಡ ಅನ್ನುತ್ತಿದ್ದಾನೆ ಅಂತ ನನ್ನ ಮನಸ್ಸಿಗೆ ಬಂತು. ಬುದ್ಧಿ ತಪ್ಪಿದ ಮನುಷ್ಯನಿಗೂ ಅದೊಂದು ತಪ್ಪಿಲ್ಲವಲ್ಲ ಅನ್ನಿಸಿತು.

"ಯಾಕ್ಲಾ ಕುಡಿಯಾಕಿಲ್ಲ?" ಅಂತ ಕಿರುಚಿದೆ.

"ಪೂಜೆ ಆಗಿಲ್ಲ ಕಣವ್ವ" ಅಂದ. ನನ್ನನ್ನು ಅವನ ತಾಯಿ ಅಂದುಕೊಂಡಿದ್ದ.

ಬಾಟಲಿ ಯಾಕೆ ತುಂಬಿರುತ್ತಿತ್ತು ಅನ್ನುವುದು ಆಗ ಗೊತ್ತಾಯಿತು. ದೋರ್ಜೆಗೆ ಹೇಳಿದೆ. ಅವನು ಬೈಯಲಿಲ್ಲ. ಹಾಗಾದರೆ ಪೂಜೆ ಮಾಡಿಸು, ನೀರು ಒಳಗೆ ಹೋಗದೆ ಇವನು ಇನ್ನು ನೂರು ಹೆಜ್ಜೆ ನಡೆಯಲಾರ ಅಂದ. ಬೆನ್ನಿಗೆ ಗಾಳಿ ತಡೆದು ಕೂತು ಪಂಪ್ ಸ್ಟವ್ ಹಚ್ಚಿದ. ಎರಡು ಸಲ ಆರಿಹೋಗಿ ಮೂರನೆಯದಕ್ಕೆ ಹತ್ತಿತು. ಮಂಜು ಕರಗಿ ಉಗುರು ಬೆಚ್ಚಗಾದ ಮೇಲೆ ನಾನು ಕೈಗವಸು ಬಿಚ್ಚಿ ಸ್ವಾಮಿಯ ಮುಖ ತೊಳೆದೆ, ಕೈ ತೊಳೆದೆ. "ಸ್ನಾನ ಆಯ್ತು ಕಣಪ್ಪ" ಅಂದೆ.

ಮುಂದಿನದು ನನಗೆ ಗೊತ್ತಿರಲಿಲ್ಲ. ದೂರದಿಂದ ನೋಡಿದ್ದೆ ಅಷ್ಟೆ. ನನ್ನ ಕೈಗಳನ್ನು ಮಂಜಿನಲ್ಲಿ ಚೆನ್ನಾಗಿ ಉಜ್ಜಿಕೊಂಡು, ಅವನ ಅಂಗಿಯೊಳಗೆ ಕೈ ಹಾಕಿ ಬೆಳ್ಳಿಯ ಕರಡಿಗೆ ಹೊರಗೆಳೆದೆ. ಅದರ ಮುಚ್ಚಳ ಬಿಗಿದಿತ್ತು. ಒದ್ದೆ ಬೆರಳು ಗಾಳಿಗೆ ಹಿಮದಂತಾಗಿದ್ದ ಬೆಳ್ಳಿಗೆ ಅಂಟಿಕೊಂಡು ಚರ್ಮ ಕಿತ್ತಿತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಕಪ್ಪು ಲಿಂಗ. ಊರಲ್ಲಾಗಿದ್ದರೆ ಅದರ ನೆರಳಿಗೂ ನಾನು ಹೋಗುತ್ತಿರಲಿಲ್ಲ. ಅವನ ಎಡ ಅಂಗೈ ಮೇಲಿಟ್ಟೆ. ಲಿಂಗ ಬೀಳದಂತೆ ಕೆಳಗಿನಿಂದ ನನ್ನ ಕೈ ಕೊಟ್ಟೆ. ಅವನ ಜೇಬಿನಲ್ಲಿ ವಿಭೂತಿಯ ಗಟ್ಟಿ ಇತ್ತು, ಮೂರು ಬೆರಳಲ್ಲಿ ಅವನ ಹಣೆಗೆ ಎಳೆದೆ. ಹೂವಿಲ್ಲ, ಪತ್ರೆ ಇಲ್ಲ. ಸ್ವಾಮಿ ಅಂಗೈಯನ್ನೇ ನೋಡಿದ. ಬಹಳ ಹೊತ್ತು ನೋಡಿದ. ತುಟಿ ಅಲ್ಲಾಡಿತು, ಏನಂದನೋ ಗಾಳಿಯಲ್ಲಿ ಕೇಳಲಿಲ್ಲ. ದೋರ್ಜೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟು ಮುಚ್ಚಿದ ಮೇಲೆ ಲೋಟ ಬಾಯಿಗೆ ಹಿಡಿದೆ. ಗಟಗಟ ಕುಡಿದ. ಇನ್ನೊಂದು ಕುಡಿದ. ಬಾಟಲಿಯದನ್ನೂ ಕಚ್ಚಿಕೊಂಡೇ ಕುಡಿದ. ಒಂದು ತಾಸು ಇಳಿದು, ಬೆಳಿಗ್ಗೆ ಹೊರಟಿದ್ದ ಬಿಡಾರ ಮುಟ್ಟುವ ಹೊತ್ತಿಗೆ ನನ್ನನ್ನು ಹೆಸರು ಹಿಡಿದು ಕರೆದ. "ಸಿದ್ದರಾಜು, ನೀನ್ಯಾಕ್ಲಾ ಇಳ್ದುಬಂದೆ?" ಅಂದ. ನಾನು ಟೆಂಟಿನ ಹಿಂದೆ ಹೋಗಿ ನಿಂತೆ. ಅಲ್ಲಿಂದ ತುದಿ ಕಾಣುತ್ತಿತ್ತು. ಅದರ ಮೇಲೆ ಎಳ್ಳಿನಷ್ಟು ಮೂರು ಚುಕ್ಕೆಗಳಿದ್ದವು. ನನಗೆ ಅಳು ಬಂತು, ಅತ್ತೆ.

ನನ್ನ ಬಲಗೈಯ ಎರಡು ಬೆರಳ ತುದಿ ಬೆಳ್ಳಗಾಗಿದ್ದವು, ವಾರದೊಳಗೆ ಕಪ್ಪಾದವು. ಡಾಕ್ಟರು ಬೆರಳು ಉಳಿಯಿತು, ಸ್ಪರ್ಶ ಹೋಯಿತು ಅಂದರು. ಪೆನ್ನು ಹಿಡಿಯುವುದನ್ನು ಬೇರೆ ಬೆರಳಿಗೆ ಕಲಿಸಿದೆ. ಮುಂದಿನ ಬೇಸಿಗೆಗೆ ಕ್ಲಬ್ಬು ಹೊಸಬರನ್ನು ಕಳಿಸಿತು. ಅದರ ಮುಂದಿನ ವರ್ಷ ನನಗೆ ಬಯಲು ಸೀಮೆಗೆ ವರ್ಗವಾಯಿತು. ಆ ಶಿಖರಕ್ಕೆ ನಾನು ಮತ್ತೆ ಹೋಗಲಿಲ್ಲ, ಬೇರೆ ಯಾವುದಕ್ಕೂ ಹೋಗಲಿಲ್ಲ.

ಬೆಟ್ಟ ಹತ್ತಿದ ವರ್ಷವೇ, ಕೊಯ್ಲಿನ ಕಾಲಕ್ಕೆ, ಇಬ್ಬರೂ ಒಟ್ಟಿಗೆ ರಜೆ ಹಾಕಿ ಬಂದೆವು. ಸ್ವಾಮಿ ಬಲವಂತ ಮಾಡಿ ನನ್ನನ್ನು ಕವಲಂದೆಗೆ ಕರೆದೊಯ್ದ. ಬಸ್ಸಿನಲ್ಲಿ, "ಅವ್ವಂಗೆ ಎಲ್ಲಾನೂವೆ ಏಳಿವ್ನಿ" ಅಂದ. ಎಲ್ಲಾ ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ. ಅವನು ಚೀಲ ಹಿಡಿದು ಒಳಗೆ ಹೋದ. ನಾನು ಜಗಲಿಯ ಮೇಲೆ ಕೂತೆ. ಕೂರು ಅಂತ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಣದಲ್ಲಿ ರಾಗಿ ಮೆದೆ ಹಾಕಿದ್ದರು. ಗೌರಮ್ಮ ಬಾಗಿಲಿಗೆ ಬಂದು ಹೊಸ್ತಿಲೊಳಗೇ ನಿಂತರು. ಸಣ್ಣ ಆಳು, ಮಗನದೇ ಮೂಗು.

"ನೀನೇ ಏನಪ್ಪ, ನನ್ ಮಗಂಗೆ ಪೂಜೆ ಮಾಡಿಸ್ದೋನು?"

"ಊಂ ಕಣವ್ವ." ಮುಂದೆ ಬರುವ ಮಾತಿಗೆ ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ.

"ತುದೀಗೆ ಓದ್ಯಾ ನೀನು?"

"ಇಲ್ಲ."

"ಇವನ್ ದೆಸೆಯಿಂದ."

ನಾನು ಕಣದ ಕಡೆ ನೋಡಿದೆ. ಆಮೇಲೆ, "ಯಾವ್ ಕೈಲಿ ಮುಟ್ದೆ?" ಅಂದರು.

ಬಲಗೈ ಮುಂದೆ ಚಾಚಿದೆ. ಅವರು ಹೊಸ್ತಿಲು ದಾಟಿ ಬಂದು ಜಗಲಿಯ ಮೇಲೆ ಕೂತು, ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಕಪ್ಪಾದ ಬೆರಳನ್ನು ಹಿಂಡಿ ನೋಡಿದರು. ನೋವಾಯ್ತದಾ ಅಂತ ಕೇಳಿದರು. ಇಲ್ಲ ಕಣವ್ವ, ಅಲ್ಲೇನೂ ಗೊತ್ತಾಗಾಕಿಲ್ಲ ಅಂದೆ. ಒಳಗೆ ಕೂಗಿ ಹರಳೆಣ್ಣೆ ಕಾಸಿ ತರಿಸಿದರು. ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಒಂದೊಂದೇ ಬೆರಳಿಗೆ ತಿಕ್ಕತೊಡಗಿದರು.

ಸ್ವಾಮಿ ಮುಖ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದ. ತಾಯಿಯನ್ನೂ ನನ್ನನ್ನೂ ನೋಡಿದ. "ಒಳೀಕ್ ಬಾರ್ಲಾ, ಉಣ್ಣವ" ಅಂದ.

ಗೌರಮ್ಮ ತಲೆ ಎತ್ತಲಿಲ್ಲ. "ಎಣ್ಣೆ ಇಂಗ್ಲಿ ಇರು, ಆಮೇಕೆ ನೋಡವ" ಅಂದರು.

ಎಣ್ಣೆ ಹಿಂಗಿ ಬೆರಳು ಒಣಗಿತು. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ.